ಮಕ್ಕಳೂ ಗುಮ್ಮನೂ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ನಾಡಿನ ಯಾವ ಊರಿನ ಯಾವ ಬೀದಿಯಲ್ಲಿ ನಡೆದುಹೋದರೂ ಒಂದಲ್ಲ ಒಂದು ಮನೆಯೊಳಗಿನಿಂದ ಈ ಮಾತು ಕೇಳಿಬರುವುದುಂಟು: "ಬಾಯಿ ತೆಗೆ, ಬೇಗ ನುಂಗು, ಇಲ್ಲದಿದ್ದರೆ ಗುಮ್ಮನನ್ನು ಕರೆದುಬಿಡುತ್ತೇನೆ!" ಒಡನೆಯೇ ಕೂಸಿನ ಅಳು ನಿಲ್ಲುವುದು; ಬಾಯಿ ತೆರೆಯುವುದು; ತುತ್ತು ಒಳಗೆ ಹೋಗುವುದು. ತಾಯಿಗೆ ಸಮಾಧಾನ, ಅಜ್ಜಿಗೆ ಸಂತೋಷ. ಗುಮ್ಮನು ಮಾತ್ರ ಬಂದವನೂ ಅಲ್ಲ, ಹೋದವನೂ ಅಲ್ಲ. ಬಾಗಿಲ ಹಿಂದಿನ ಕತ್ತಲೆಯಲ್ಲಿ ಅವನು ನಿಂತೇ ಇರುವನೆಂದು ಆ ಮನೆಯಲ್ಲಿ ಬಲ್ಲದ್ದು ಕೂಸೊಂದೇ.

ಇವನಿಗೆ ಕೆಲವು ಕಡೆ ಗೊಗ್ಗಯ್ಯನೆಂದು ಹೆಸರು, ಕೆಲವು ಕಡೆ ಬೂಚಿಯೆಂದು ಹೆಸರು. ಇವನು ನಿನ್ನೆ ಮೊನ್ನೆ ಬಂದವನಲ್ಲ. ಹದಿನಾರನೆಯ ಶತಮಾನದ ಪುರಂದರದಾಸರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಆ ಹಾಡನ್ನು ನಾವು ತಲೆದೂಗಿ ಕೇಳುತ್ತೇವೆ. ತೊಟ್ಟಿಲ ಮಗುವಿಗೂ ಹಾಡುತ್ತೇವೆ. ಅದರಲ್ಲಿ ಮಗು ಬೇಡುತ್ತಿರುವುದೇನೆಂಬುದನ್ನು ಮಾತ್ರ ನಾವು ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.

ಹೀಗೆ ಹೆದರಿಸುವವರೆಲ್ಲರೂ ಕಠಿನಹೃದಯರೆಂದು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ದಿನವೆಲ್ಲ ದುಡಿದ ತಾಯಿ. ಒಲೆಯ ಮೇಲೆ ಉಕ್ಕುತ್ತಿರುವ ಹಾಲು. ಕೈಯಲ್ಲಿ ಆರಿ ತಣ್ಣಗಾದ ಅನ್ನ. ಮಗುವೋ ಮೂರನೆಯ ತುತ್ತಿಗೇ ಮುಖ ತಿರುಗಿಸಿ ಕುಳಿತಿದೆ. ಆಗ ನಾಲಗೆಯ ತುದಿಗೆ ಬರುವವನು ಗುಮ್ಮನೇ. ಈ ಸಾಲುಗಳನ್ನು ಬರೆಯುತ್ತಿರುವವನೂ ತನ್ನ ಹಿರಿಯ ಮಗನಿಗೆ ಅಟ್ಟದ ಮೇಲೊಬ್ಬ ಗುಮ್ಮನನ್ನು ಕಲ್ಪಿಸಿಕೊಟ್ಟವನೇ. ಆ ಹುಡುಗನು ಹತ್ತು ವರ್ಷದವನಾಗುವವರೆಗೂ ಹೊತ್ತು ಮುಳುಗಿದ ಮೇಲೆ ಅಟ್ಟ ಹತ್ತಲಿಲ್ಲ. "ಇಷ್ಟು ದೊಡ್ಡವನಾದೆ, ನಾಚಿಕೆಯಾಗುವುದಿಲ್ಲವೇ?" ಎಂದು ನಾನು ನಾಲ್ಕು ಜನರೆದುರಿಗೆ ಹಾಸ್ಯ ಮಾಡಿದ್ದೂ ಉಂಟು. ಆ ಗುಮ್ಮನನ್ನು ಅಲ್ಲಿ ಕುಳ್ಳಿರಿಸಿದವನು ನಾನೇ ಎಂಬುದು ಬಹಳ ದಿನಗಳ ಮೇಲೆ ನೆನಪಿಗೆ ಬಂದಿತು.

ಬೆದರಿಕೆಯಲ್ಲಿರುವ ದೊಡ್ಡ ದೋಷವೆಂದರೆ ಅದು ತತ್ಕಾಲಕ್ಕೆ ಫಲಿಸುತ್ತದೆ. ಫಲಿಸದೆ ಇದ್ದಿದ್ದರೆ ನಮ್ಮ ಹಿರಿಯರು ಎಂದೋ ಅದನ್ನು ಬಿಟ್ಟುಬಿಡುತ್ತಿದ್ದರು. ಇಂದಿನ ತುತ್ತು ಇಂದು ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಕೊಟ್ಟ ಬೆಲೆಯು ಬೇರೊಂದು ದಿನ, ಬೇರೊಂದು ವೇಷದಲ್ಲಿ ಎದುರಿಗೆ ಬರುತ್ತದೆ. ರಾತ್ರಿ ಹಾಸಿಗೆ ಒದ್ದೆಯಾದಾಗ, ಬಚ್ಚಲಿಗೆ ಒಬ್ಬನೇ ಹೋಗಲಾರೆನೆಂದು ಮಗು ಹಟ ಹಿಡಿದಾಗ, ವೈದ್ಯರನ್ನು ಕಂಡೊಡನೆ ಕಿರಿಚಿದಾಗ, ಆ ಬೆಲೆಗೂ ಈ ಭಯಕ್ಕೂ ಸಂಬಂಧವಿರಬಹುದೆಂದು ನಮಗೆ ಹೊಳೆಯುವುದೇ ಇಲ್ಲ.

ಎಳೆಯ ಮಕ್ಕಳಿಗೆ ಅವರ ವಯಸ್ಸಿಗೆ ಸಹಜವಾದ ಭಯಗಳು ಬೇಕಾದಷ್ಟು ಇರುವುವು. ಏಳೆಂಟು ತಿಂಗಳ ಕೂಸು ಹೊಸ ಮುಖವನ್ನು ಕಂಡರೆ ತಾಯಿಯ ಕೊರಳನ್ನು ತಬ್ಬಿಕೊಳ್ಳುತ್ತದೆ. ಇದು ಕೊರತೆಯಲ್ಲ, ತನ್ನವರಾರು, ಪರರಾರು ಎಂದು ತಿಳಿಯುವಷ್ಟು ಬುದ್ಧಿ ಬೆಳೆದಿದೆಯೆಂಬುದಕ್ಕೆ ಗುರುತು. ಒಂದೆರಡು ವರ್ಷದ ಮಗುವಿಗೆ ತಾಯಿ ಕಣ್ಣಿಗೆ ಮರೆಯಾದರೆ ತಳಮಳ. ಗುಡುಗು, ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು ಇವೆಲ್ಲಕ್ಕೂ ಅಂಜಿಕೆ. ಎರಡೂವರೆ ಮೂರು ವರ್ಷದಿಂದ ಮುಂದೆ ಕಲ್ಪನೆಯು ಚಿಗುರುವ ಕಾಲ. ಬೆಂಕಿಪೊಟ್ಟಣವನ್ನೇ ಬಸ್ಸು ಮಾಡಿಕೊಂಡು ಊರೂರು ತಿರುಗಿ ಬರುವ ಆ ಶಕ್ತಿಯೇ ಕತ್ತಲೆಯಲ್ಲಿ ನೇತುಹಾಕಿದ ಅಂಗಿಗೆ ಕೈಕಾಲುಗಳನ್ನೂ ಕಟ್ಟಿಕೊಡುತ್ತದೆ. ಆ ವಯಸ್ಸಿನಲ್ಲಿ ಇದ್ದದ್ದಕ್ಕೂ ಊಹಿಸಿದ್ದಕ್ಕೂ ನಡುವಿನ ಗೆರೆ ಬಹಳ ಮಸುಕು. ಅದರ ಮೇಲೆ, ತಾನು ಎಲ್ಲರಿಗಿಂತ ಹೆಚ್ಚಾಗಿ ನಂಬಿರುವ ತಾಯಿಯೇ ಗುಮ್ಮನಿದ್ದಾನೆಂದು ಸಾಕ್ಷಿ ಹೇಳಿದರೆ ಮಗುವು ಯಾರ ಹತ್ತಿರ ಹೋಗಿ ಅದು ಸುಳ್ಳೋ ನಿಜವೋ ಎಂದು ಕೇಳಬೇಕು?

ಭಯವು ಕಲಿಸಿದರೆ ಬರುವಂಥದೆಂಬುದನ್ನು ತೋರಿಸಿದ ಒಂದು ಪ್ರಯೋಗವು ಮನಶ್ಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ ವಾಟ್ಸನ್ ಎಂಬ ವಿದ್ವಾಂಸನೂ ಆತನ ಸಹಾಯಕಿ ರೊಸಾಲಿ ರೇನರಳೂ ೧೯೨೦ರಲ್ಲಿ ಇದನ್ನು ಪ್ರಕಟಿಸಿದರು. ಸುಮಾರು ಹನ್ನೊಂದು ತಿಂಗಳ ಕೂಸೊಂದು ಬಿಳಿಯ ಇಲಿಯನ್ನು ಕಂಡು ಹೆದರದೆ ಕೈಚಾಚುತ್ತಿತ್ತು. ಅದು ಇಲಿಯನ್ನು ಮುಟ್ಟಹೋದಾಗಲೆಲ್ಲ ಅದರ ಬೆನ್ನ ಹಿಂದೆ ಉಕ್ಕಿನ ಸರಳೊಂದನ್ನು ಸುತ್ತಿಗೆಯಿಂದ ಬಡಿದರು. ಕೆಲವು ಸಲ ಹೀಗಾದ ಬಳಿಕ ಸದ್ದಿಲ್ಲದಿದ್ದರೂ ಇಲಿಯನ್ನು ಕಂಡರೇ ಕೂಸು ಅತ್ತಿತು. ಅಷ್ಟಕ್ಕೇ ನಿಲ್ಲಲಿಲ್ಲ, ಮೊಲವನ್ನು ಕಂಡರೂ, ನಾಯಿಯನ್ನು ಕಂಡರೂ, ತುಪ್ಪುಳಿನ ಕೋಟನ್ನು ಕಂಡರೂ ಅದಕ್ಕೆ ಅಳುವೇ. ಆ ಭಯವನ್ನು ತೆಗೆಯದೆಯೇ ಕೂಸನ್ನು ಕಳುಹಿಸಿಬಿಟ್ಟರೆಂಬುದು ಆ ವಿದ್ವಾಂಸರಿಗೆ ಮಾಸದ ಕಳಂಕ. ಇಂದು ಅಂತಹ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ಪ್ರಯೋಗಶಾಲೆಯಲ್ಲಿ ನಿಷಿದ್ಧವಾದ ಆ ಕಾರ್ಯವನ್ನು ನಾವು ಮನೆಯಲ್ಲಿ ಸರಳೂ ಸುತ್ತಿಗೆಯೂ ಇಲ್ಲದೆ ದಿನಕ್ಕೆ ಮೂರು ಹೊತ್ತು ನಡೆಸುತ್ತಿದ್ದೇವೆ.

ಗುಮ್ಮನಿಗೆ ಹೆಚ್ಚು ಕೆಲಸ ಬೀಳುವುದು ಊಟದ ಹೊತ್ತಿನಲ್ಲಿ. ಆದಕಾರಣ ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಹುಟ್ಟಿದಾಗ ಸುಮಾರು ೩ ಕಿಲೋ ತೂಗುವ ಕೂಸು ಐದಾರು ತಿಂಗಳಿಗೆ ಅದರ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು, ಎಂದರೆ ಸುಮಾರು ೯ ಕಿಲೋ ಆಗುತ್ತದೆ. ಮೊದಲ ವರ್ಷದಲ್ಲಿ ಆರು ಕಿಲೋ ಬೆಳೆದ ಅದೇ ಮಗು ಎರಡನೆಯ ವರ್ಷದಲ್ಲಿ ಬೆಳೆಯುವುದು ಎರಡು ಎರಡೂವರೆ ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ಅದಕ್ಕೆ ತಕ್ಕಂತೆ ಇಳಿಯುವುದು ಪ್ರಕೃತಿಧರ್ಮ. ಅದೇ ವೇಳೆಗೆ ಮಗುವಿಗೆ ನಡಿಗೆ ಬಂದಿರುತ್ತದೆ, ಪ್ರಪಂಚವೆಲ್ಲ ನೋಡುವುದಕ್ಕಿರುತ್ತದೆ, ತಟ್ಟೆಯ ಮುಂದೆ ಕುಳಿತುಕೊಳ್ಳುವುದಕ್ಕೆ ಪುರುಸೊತ್ತೆಲ್ಲಿ? ಇದನ್ನರಿಯದ ನಮಗೆ "ಹೋದ ವರ್ಷ ಎಷ್ಟು ಚೆನ್ನಾಗಿ ಉಣ್ಣುತ್ತಿತ್ತು, ಈಗ ನೋಡಿ!" ಎಂಬ ಕೊರಗು. ಆ ಕೊರಗೇ ಗುಮ್ಮನನ್ನು ಕರೆಯುವುದು.

ಏನನ್ನು ಬಡಿಸಬೇಕು, ಯಾವ ಹೊತ್ತಿಗೆ ಬಡಿಸಬೇಕು ಎಂಬುದು ಹಿರಿಯರ ಅಧಿಕಾರ. ಎಷ್ಟು ಉಣ್ಣಬೇಕೆಂಬುದು ಮಗುವಿನ ಹೊಟ್ಟೆಯ ಅಧಿಕಾರ. ಈ ಗಡಿಯನ್ನು ಹಿರಿಯರು ದಾಟದಿರುವುದು ಮೇಲು. ರಾಗಿಯ ಗಂಜಿಯೋ, ಮೆತ್ತಗೆ ಮಾಡಿದ ಅನ್ನ ಬೇಳೆ ತುಪ್ಪವೋ, ಮಸೆದ ಬಾಳೆಹಣ್ಣೋ, ಮನೆಯಲ್ಲಿ ವಾಡಿಕೆಯಿದ್ದರೆ ಮೊಟ್ಟೆಯೋ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಿರಿ. ಊಟಕ್ಕೆ ಮುಂಚೆ ಬಿಸ್ಕತ್ತು, ಕುರುಕು ತಿಂಡಿ, ಲೋಟದ ತುಂಬ ಹಾಲು ಇವುಗಳಿಂದ ಹೊಟ್ಟೆಯನ್ನು ತುಂಬಿಸಿ ಬಳಿಕ ಹಸಿವಿಲ್ಲವೆಂದು ದೂರಬಾರದು. ಚೆಲ್ಲಿಕೊಂಡರೂ ಚಿಂತೆಯಿಲ್ಲ, ತನ್ನ ಕೈಯಿಂದಲೇ ತಿನ್ನಲು ಬಿಡಿರಿ. ಹೊಸ ಪಲ್ಯವನ್ನು ಒಂದು ಸಲ ಉಗುಳಿದರೆ ಅದು ಸೇರದೆಂದು ತೀರ್ಮಾನಿಸಬಾರದು. ಹತ್ತು ಸಲ ಒತ್ತಾಯವಿಲ್ಲದೆ ಎದುರಿಗಿಟ್ಟ ಮೇಲೆ ಹನ್ನೊಂದನೆಯ ಸಲ ತಾನಾಗಿ ಕೈಹಾಕುವ ಮಕ್ಕಳಿದ್ದಾರೆ. ಮಗುವಿಗೆ ಆಹಾರ ಸಾಲದೆಂಬ ಸಂದೇಹವಿದ್ದರೆ ಅದನ್ನು ತೀರಿಸುವುದು ನೆರೆಮನೆಯ ಮಗುವಿನ ಗಾತ್ರವಲ್ಲ, ತಕ್ಕಡಿ. ಅಂಗನವಾಡಿಯಲ್ಲಿ ತಿಂಗಳು ತಿಂಗಳೂ ತೂಗಿ ಕಾರ್ಡಿನಲ್ಲಿ ಗುರುತು ಹಾಕುವರಷ್ಟೆ. ಆ ಗೆರೆ ಮೇಲಕ್ಕೇರುತ್ತಿದ್ದರೆ ನಿಶ್ಚಿಂತೆಯಿಂದಿರಿ. ಎರಡು ಮೂರು ತಿಂಗಳು ಹಾಗೆಯೇ ನಿಂತಿದ್ದರೆ ಅಥವಾ ಇಳಿದರೆ ವೈದ್ಯರಲ್ಲಿಗೆ ಹೋಗಿರಿ. ಗುಮ್ಮನಿಂದ ಅದಕ್ಕೆ ಮದ್ದಿಲ್ಲ.

ಈಚೆಗೆ ಅನೇಕ ಮನೆಗಳಲ್ಲಿ ಗುಮ್ಮನಿಗೆ ವಿಶ್ರಾಂತಿ ಕೊಟ್ಟು ಆ ಸ್ಥಾನದಲ್ಲಿ ಮೊಬೈಲನ್ನು ನಿಲ್ಲಿಸಿದ್ದಾರೆ. ಹೆದರಿಸುವುದಕ್ಕಿಂತ ಇದು ಮೇಲೆಂದು ಕೆಲವರ ವಾದ. ಭಯದಿಂದ ನುಂಗುವ ಮಗುವಿಗೂ ಮೈಮರೆತು ನುಂಗುವ ಮಗುವಿಗೂ ತನ್ನ ಹೊಟ್ಟೆ ತುಂಬಿತೆಂಬ ಅರಿವು ತಪ್ಪಿಹೋಗುವುದು ಒಂದೇ ಸಮ. ವರ್ಷ ತುಂಬದ ಕೂಸಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಮೆಯಾದಷ್ಟೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೇಳಿದೆ.

ಎರಡನೆಯ ಸಂದರ್ಭವು ನಿದ್ರೆಯದು. ಒಂದೆರಡು ವರ್ಷದ ಮಗುವಿಗೆ ಹಗಲಿನ ನಿದ್ರೆಯೂ ಸೇರಿ ದಿನಕ್ಕೆ ೧೧ರಿಂದ ೧೪ ಗಂಟೆ, ಮೂರು ನಾಲ್ಕು ವರ್ಷದವರಿಗೆ ೧೦ರಿಂದ ೧೩ ಗಂಟೆ ನಿದ್ರೆ ಬೇಕು. "ಕಣ್ಣು ಮುಚ್ಚದಿದ್ದರೆ ಗುಮ್ಮ ಕಿಟಕಿಯಲ್ಲಿ ಬರುತ್ತಾನೆ" ಎಂದ ಮೇಲೆ ಕಣ್ಣೇನೋ ಮುಚ್ಚೀತು, ನಿದ್ರೆ ಬರುವುದು ಹೇಗೆ? ಪ್ರತಿದಿನವೂ ಒಂದೇ ಹೊತ್ತು, ಒಂದೇ ಕ್ರಮ. ಕೈಕಾಲು ತೊಳೆಯುವುದು, ಹಾಸಿಗೆ ಕೊಡವುವುದು, ಒಂದು ಕಥೆ, ಮಂದವಾದ ದೀಪ, ತಲೆಯ ಮೇಲೊಂದು ಕೈ. ಇಷ್ಟಿದ್ದರೆ ಹೆಚ್ಚಿನ ಮಕ್ಕಳಿಗೆ ಸಾಕು. ಕೆಟ್ಟ ಕನಸು ಬೀಳುವುದು ಸಾಧಾರಣವಾಗಿ ಬೆಳಗಿನ ಜಾವದ ಕಡೆಗೆ. ಮಗು ಎಚ್ಚೆತ್ತು ಕನಸನ್ನು ಹೇಳುತ್ತದೆ, ತೊಡೆಯ ಮೇಲೆ ಮಲಗಿಸಿಕೊಂಡರೆ ಸುಮ್ಮನಾಗುತ್ತದೆ. ಇನ್ನು ಕೆಲವು ಮಕ್ಕಳು ಮಲಗಿದ ಒಂದೆರಡು ಗಂಟೆಯೊಳಗೆ ಎದ್ದು ಕುಳಿತು, ಕಣ್ಣು ತೆರೆದಿದ್ದರೂ ಯಾರ ಗುರುತೂ ಹತ್ತದೆ ಚೀರುವುದುಂಟು. ಗಾಳಿ ಸೋಕಿತೆಂದು ಮನೆಯವರು ಗಾಬರಿಯಾಗುವರು. ಅದು ಅರೆನಿದ್ರೆಯ ಒಂದು ಸ್ಥಿತಿ. ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ಹತ್ತಿರ ಕುಳಿತು ಕಾಯ್ದರೆ ಕೆಲವು ನಿಮಿಷಗಳಲ್ಲಿ ತಾನೇ ಮಲಗುತ್ತದೆ. ಬೆಳಗ್ಗೆ ಮಗುವಿಗೆ ಅದರ ನೆನಪೇ ಇರುವುದಿಲ್ಲ.

ಇದಕ್ಕಿಂತಲೂ ಹೆಚ್ಚಿನ ಅಪಾಯವಿರುವುದು ಬದುಕಿರುವ ಮನುಷ್ಯರನ್ನೇ ಗುಮ್ಮನನ್ನಾಗಿ ಮಾಡುವುದರಲ್ಲಿ. "ಹಟ ಮಾಡಿದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ" ಎನ್ನುತ್ತೇವೆ. ಹುಟ್ಟಿದ ದಿನದಿಂದ ಐದಾರು ವರ್ಷದವರೆಗೆ ಲಸಿಕೆಗಾಗಿಯೇ ಎಷ್ಟು ಸಲ ಆ ಸೂಜಿಯ ಹತ್ತಿರ ಹೋಗಬೇಕೆಂಬುದನ್ನು ತಾಯಂದಿರು ಬಲ್ಲರು. ರೋಗದಿಂದ ಕಾಪಾಡುವ ಸೂಜಿಯನ್ನು ಶಿಕ್ಷೆಯೆಂದು ಮೊದಲೇ ಪರಿಚಯ ಮಾಡಿಕೊಟ್ಟು ಅಲ್ಲಿ ಮಗು ಕೂಗಿದರೆ ತಪ್ಪು ಯಾರದು? "ನೋಯುವುದೇ ಇಲ್ಲ" ಎನ್ನುವ ಸುಳ್ಳೂ ಬೇಡ. "ಇರುವೆ ಕಚ್ಚಿದ ಹಾಗೆ ಸ್ವಲ್ಪ ನೋಯುತ್ತದೆ, ಬೇಗ ಹೋಗುತ್ತದೆ, ನಾನು ಹಿಡಿದುಕೊಂಡಿರುತ್ತೇನೆ" ಎಂದರೆ ಸಾಕು. ಮೊಲೆಯುಣ್ಣುವ ಕೂಸಿಗೆ ಆ ಸಮಯದಲ್ಲಿ ಹಾಲೂಡಿಸುತ್ತಿದ್ದರೆ ನೋವು ಕಡಮೆಯಾಗುವುದು.

ಪೋಲೀಸಿನವರ ಹೆಸರನ್ನು ಹೇಳಿ ಹೆದರಿಸುವವರಿಗೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ತಿಳಿಸಬೇಕು. ನಮ್ಮ ನೆರೆಮನೆಯ ನಾಲ್ಕು ವರ್ಷದ ಹುಡುಗಿಯೊಬ್ಬಳು ಊರಿನ ಜಾತ್ರೆಯಲ್ಲಿ ಅಜ್ಜಿಯ ಕೈ ಬಿಟ್ಟು ಕಾಣದಾದಳು. ತೇರು ಎಳೆಯುವ ಹೊತ್ತು, ಸಾವಿರಾರು ಜನ, ಹತ್ತಿರದಲ್ಲಿ ಕಲ್ಯಾಣಿ. ಧ್ವನಿವರ್ಧಕದಲ್ಲಿ ಅವಳ ಹೆಸರನ್ನು ಮತ್ತೆ ಮತ್ತೆ ಕೂಗಿದರು. ಇಬ್ಬರು ಪೋಲೀಸಿನವರು ಅಂಗಡಿಯ ಸಾಲನ್ನೆಲ್ಲ ಹುಡುಕಿದರು. ಎರಡು ಗಂಟೆಯಾದರೂ ಸುಳಿವಿಲ್ಲ. ಕಲ್ಯಾಣಿಗೆ ಈಜುಗಾರರನ್ನು ಇಳಿಸುವ ಮಾತಾಗುತ್ತಿದ್ದಾಗ ಬೆಂಡು ಬತ್ತಾಸಿನ ಅಂಗಡಿಯವಳೊಬ್ಬಳು ಹಲಗೆಯ ಕೆಳಗಿನ ಗೋಣಿಯ ಮರೆಯಲ್ಲಿ ಮುದುರಿಕೊಂಡಿದ್ದ ಹುಡುಗಿಯನ್ನು ಕಂಡು ಎತ್ತಿ ತಂದಳು. ತಾಯಿಯು ಅವಳನ್ನಪ್ಪಿಕೊಂಡು, "ಅಷ್ಟು ಕೂಗಿದರೂ ಯಾಕೆ ಬರಲಿಲ್ಲ ಪುಟ್ಟಿ?" ಎಂದಳು. "ಪೋಲೀಸಪ್ಪ ಎರಡು ಸಲ ಬಂದಿದ್ದನಮ್ಮಾ. ನಾನು ಉಸಿರು ಬಿಡದೆ ಕೂತಿದ್ದೆ. ಊಟ ಬಿಟ್ಟ ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾನೆ ಅಂತ ಅಜ್ಜಿ ಹೇಳಿದಾರಲ್ಲ." ಅಜ್ಜಿಯವರು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟರು. ಆ ಹುಡುಗಿ ಇದ್ದ ಜಾಗಕ್ಕೂ ಕಲ್ಯಾಣಿಯ ಮೆಟ್ಟಿಲಿಗೂ ಇಪ್ಪತ್ತು ಮಾರು ದೂರವೂ ಇರಲಿಲ್ಲ.

ದಾರಿ ತಪ್ಪಿದಾಗ ಖಾಕಿಯವರ ಹತ್ತಿರ, ಇಲ್ಲವೇ ಮಕ್ಕಳನ್ನೆತ್ತಿಕೊಂಡಿರುವ ಹೆಂಗಸೊಬ್ಬರ ಹತ್ತಿರ ಹೋಗಿ ಹೆಸರು ಹೇಳಬೇಕೆಂಬುದನ್ನು ಮಾತು ಬಂದ ಮಗುವಿಗೆ ಆಟದಂತೆ ಕಲಿಸಬಹುದು. ತಂದೆತಾಯಿಗಳ ಹೆಸರು, ಊರು, ಮನೆಯ ಫೋನಿನ ನಂಬರು ಇವನ್ನು ಹಾಡಿನ ಧಾಟಿಯಲ್ಲಿ ಬಾಯಿಪಾಠ ಮಾಡಿಸಬಹುದು. ಮಕ್ಕಳ ಸಹಾಯವಾಣಿಯ ೧೦೯೮ ಎಂಬ ನಂಬರು ದೊಡ್ಡವರಿಗೂ ನೆನಪಿರಲಿ.

ಭಿಕ್ಷುಕ, ಬುಡುಬುಡಿಕೆಯವ, ಹಳೆಯ ಪಾತ್ರೆ ಕೊಳ್ಳುವವ, ಇವರ ಜೋಳಿಗೆಯಲ್ಲಿ ಮಕ್ಕಳಿರುವರೆಂದು ಹೇಳುವುದು ಮಗುವಿಗೂ ಅನ್ಯಾಯ, ಹೊಟ್ಟೆಪಾಡಿಗಾಗಿ ತಿರುಗುವ ಆ ಬಡವರಿಗೂ ಅನ್ಯಾಯ. ಇದರ ಪರಿಣಾಮವು ಮಕ್ಕಳಲ್ಲಿಯೇ ಮುಗಿಯುವುದಿಲ್ಲ. ೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಗುಂಪೊಂದು ನಿರಪರಾಧಿಯಾದ ತರುಣನೊಬ್ಬನನ್ನು ಹೊಡೆದು ಕೊಂದಿತು. ಬಾಲ್ಯದ ಜೋಳಿಗೆಯವನು ನಮ್ಮಲ್ಲಿ ಅನೇಕರ ಮನಸ್ಸಿನಿಂದ ಇಳಿದೇ ಇಲ್ಲ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಆದರೂ ಹೇಳಲೇಬೇಕಾಗಿದೆ. ಮಕ್ಕಳ ಮೈಮೇಲೆ ಕೈಹಾಕುವ ದುಷ್ಟರು ಆ ಬಳಿಕ ಮಗುವಿನ ಬಾಯಿ ಮುಚ್ಚಿಸಲು ಉಪಯೋಗಿಸುವುದೂ ಇದೇ ಉಪಾಯವನ್ನೇ: "ಯಾರಿಗಾದರೂ ಹೇಳಿದರೆ ಹೀಗಾದೀತು, ಹಾಗಾದೀತು." ಬೆದರಿಸಿದ ಕೂಡಲೇ ಬಾಯಿ ಮುಚ್ಚಿಕೊಳ್ಳಬೇಕೆಂಬ ಪಾಠವನ್ನು ಮನೆಯಲ್ಲಿ ಮೊದಲೇ ಕಲಿತ ಮಗುವು ಅಲ್ಲಿಯೂ ಅದನ್ನೇ ಪಾಲಿಸುತ್ತದೆ. "ಯಾರು ಹೆದರಿಸಿದರೂ ಬಂದು ನನಗೆ ಹೇಳು, ನಾನು ಬಯ್ಯುವುದಿಲ್ಲ" ಎಂಬ ಅಭಯವು ತಾಯಿಯ ಬಾಯಿಂದ ಬರಬೇಕಾದರೆ, ಹೆದರಿಸುವವಳು ಆಕೆಯೇ ಆಗಿರಬಾರದು.

"ಹಾಗಾದರೆ ಅಂಜಿಕೆಯೇ ಇಲ್ಲದೆ ಮಕ್ಕಳು ಮಾತು ಕೇಳುವರೇ?" ಎಂದು ಹಿರಿಯರು ಕೇಳುವರು. ನ್ಯಾಯವಾದ ಪ್ರಶ್ನೆ. ಒಲೆ, ಬಾವಿ, ರಸ್ತೆ, ಕರೆಂಟಿನ ತಂತಿ, ಇವುಗಳ ವಿಷಯದಲ್ಲಿ ಎಚ್ಚರಿಕೆ ಬೇಕೇ ಬೇಕು. ಆದರೆ ಇವು ನಿಜವಾದ ಅಪಾಯಗಳು. ನಿಜವನ್ನೇ ಹೇಳಿದರೆ ಸಾಕಾಗುತ್ತದೆ. ಬಿಸಿಯಾದ ಲೋಟವನ್ನು ದೂರದಿಂದ ತೋರಿಸಿ "ಸುಡುತ್ತದೆ" ಎಂದರೆ ಒಂದು ವರ್ಷದ ಕೂಸಿಗೂ ತಿಳಿಯುವುದು. ಬಾವಿಯಲ್ಲಿ ಭೂತವಿದೆಯೆಂದು ಹೇಳಿಸಿಕೊಂಡ ಹುಡುಗನೋ, ಭೂತವಿಲ್ಲವೆಂದು ಗೆಳೆಯರಿಂದ ತಿಳಿದ ದಿನವೇ ಬಾವಿಯ ಕಟ್ಟೆ ಹತ್ತುವನು. ಆಗ ಬಾವಿಯಲ್ಲಿ ನೀರಿದೆಯೆಂಬ ಮಾತನ್ನೂ ಅವನು ನಂಬಲಾರ.

ಉಳಿದ ಹಟಗಳಿಗೆ ಉಪಾಯಗಳು ಚಿಕ್ಕವು, ತಾಳ್ಮೆಯೊಂದೇ ದೊಡ್ಡದು. ಆಟದ ನಡುವೆ ಥಟ್ಟನೆ ಎಳೆದುಕೊಂಡು ಹೋಗದೆ "ಇನ್ನೆರಡು ಸಲ ಜೀಕಿ ಊಟಕ್ಕೆ ಹೋಗೋಣ" ಎಂದು ಮುಂಚೆ ಹೇಳುವುದು, "ಕೆಂಪು ಅಂಗಿಯೋ ಹಳದಿಯದೋ?" ಎಂದು ಆರಿಸಲು ಬಿಡುವುದು, ಬಿದ್ದು ಹೊರಳಾಡಿ ಅಳುವಾಗ ವಾದಿಸದೆ ಪಕ್ಕದಲ್ಲಿ ಕುಳಿತು, ಅಳು ಇಳಿದ ಮೇಲೆ ಎತ್ತಿಕೊಳ್ಳುವುದು. ಇದೆಲ್ಲ ಪರದೇಶದ ನಾಜೂಕೆಂದು ತಿಳಿಯಬೇಕಾಗಿಲ್ಲ. ಗುಜರಾತಿನ ಗಿಜುಭಾಯಿ ಬಧೇಕರವರು ವಕೀಲಿಯನ್ನು ಬಿಟ್ಟು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಭಯವೂ ಪೆಟ್ಟೂ ಇಲ್ಲದೆ ಚಿಕ್ಕ ಮಕ್ಕಳು ಕಲಿಯುವುದನ್ನು ನಡೆಸಿ ತೋರಿಸಿದರು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ೧೭ನೆಯ ಪ್ರಕರಣವು ಶಾಲೆಗಳಲ್ಲಿ ಪೆಟ್ಟನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮನೆಯ ಗುಮ್ಮನನ್ನು ಹೊರಡಿಸಬೇಕಾದವರು ಮನೆಯವರೇ.

ಕಥೆಯ ರಾಕ್ಷಸರಿಗೂ ಇದೇ ಬಹಿಷ್ಕಾರವೇ ಎಂದು ಯಾರೂ ಚಿಂತಿಸಬೇಕಾದುದಿಲ್ಲ. ಅಜ್ಜಿಯ ಮಡಿಲಲ್ಲಿ ಕುಳಿತು ಕೇಳುವ ಕಥೆಯಲ್ಲಿ ರಾಕ್ಷಸನು ಸೋಲುತ್ತಾನೆ. "ಸಾಕಜ್ಜಿ" ಎಂದರೆ ಕಥೆ ನಿಲ್ಲುತ್ತದೆ. ಆ ಭಯದ ಕಡಿವಾಣವು ಮಗುವಿನ ಕೈಯಲ್ಲಿಯೇ ಇರುತ್ತದೆ.

ಈಗಾಗಲೇ ಭಯ ಹೊಕ್ಕಿರುವ ಮಗುವಿಗೆ ಏನು ಮಾಡಬೇಕು? ೧೯೨೪ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ ಇದಕ್ಕೊಂದು ದಾರಿಯನ್ನು ಪ್ರಕಟಿಸಿದರು. ಮೊಲಕ್ಕೆ ಹೆದರುತ್ತಿದ್ದ ಮೂರು ವರ್ಷದೊಳಗಿನ ಬಾಲಕನೊಬ್ಬನು ತನಗೆ ಇಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಮೊಲದ ಪಂಜರವನ್ನು ಕೋಣೆಯ ದೂರದ ಮೂಲೆಯಲ್ಲಿರಿಸಿ, ದಿನಕ್ಕಿಷ್ಟರಂತೆ ಹತ್ತಿರ ತಂದರು. ಕಡೆಗೆ ಅವನೇ ಮೊಲವನ್ನು ಮುಟ್ಟಿ ಆಡಿದನು. ಕತ್ತಲೆಯ ಭಯಕ್ಕೂ ಹಾಗೆಯೇ: ಮೊದಲು ಮಗುವಿನ ಕೈಹಿಡಿದು ದೀಪ ಹಾಕಿ ಆ ಕೋಣೆಗೆ ಹೋಗಿ ಬನ್ನಿರಿ; ಕೆಲವು ದಿನ ಬಿಟ್ಟು ಬಾಗಿಲ ಬಳಿ ನಿಲ್ಲಿರಿ; ಟಾರ್ಚನ್ನು ಮಗುವಿನ ಕೈಗೇ ಕೊಡಿರಿ. ನಗಬೇಡಿರಿ, ಕತ್ತಲೆಯ ಕೋಣೆಗೆ ತಳ್ಳಿ ಬಾಗಿಲು ಹಾಕುವ ಧೈರ್ಯಪಾಠವಂತೂ ಕೂಡದು. ವಾರಗಟ್ಟಲೆ ಊಟ, ನಿದ್ರೆ, ಶಾಲೆಗಳಿಗೆ ತೊಂದರೆಯಾಗುವಷ್ಟು ಭಯವಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಿರಿ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವುಂಟು.

ಇಷ್ಟೆಲ್ಲ ತಿಳಿದ ಮೇಲೂ ಒಂದು ದಿನ ದಣಿದ ಬಾಯಿಂದ "ಗುಮ್ಮ" ಎಂಬುದು ಬಂದುಬಿಡುತ್ತದೆ. ನನ್ನ ಮೊಮ್ಮಗಳಿಗೆ ಹೋದ ತಿಂಗಳು ನಾನೇ ಹಾಗೆ ಹೇಳಿಬಿಟ್ಟೆನು. ಅವಳು ತಟ್ಟೆಯನ್ನು ಬಿಟ್ಟು ಬಾಗಿಲ ಕಡೆ ನೋಡಿದಳು. "ಗುಮ್ಮನೂ ಇಲ್ಲ, ಯಾರೂ ಇಲ್ಲ ಮಗೂ, ತಾತನಿಗೆ ಸಿಟ್ಟು ಬಂದು ಸುಳ್ಳು ಹೇಳಿದೆ" ಎಂದೆನು. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿ, "ಇನ್ನು ಮೇಲೆ ಸಿಟ್ಟು ಬಂದರೆ ಸಿಟ್ಟು ಬಂತು ಅಂತಲೇ ಹೇಳು ತಾತ" ಎಂದಳು. ಅನ್ನವು ಅರ್ಧ ತಟ್ಟೆಯಲ್ಲಿಯೇ ಉಳಿಯಿತು. ಮರುದಿನ ಬೆಳಗ್ಗೆ ಎರಡು ದೋಸೆ ತಿಂದಳು.